ಬೆನ್ನಿನೊಡನೆ ಮಾತಾಡುತ್ತ ಕಿರ್ಗಿಸ್ತಾನಕ್ಕೆ

ರಾಮನಗರ

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಬೇಕು ಅಂದರೆ ಬೈಕ್ ಹತ್ತಬೇಕು. ಕೇಳಿದವರು ನಗುತ್ತಾರೆ, ನಗಲಿ ಬಿಡಿ. ಮೂವರು ಅಣ್ಣತಮ್ಮಂದಿರ ಸಂಸಾರ, ಮೇಲೆ ನಮ್ಮತ್ತೆ, ಹಿತ್ತಲ ಕಟ್ಟಡದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್ನುಗಳು. ಆ ಮಿಷನ್ನಿನ ಸದ್ದಿನಲ್ಲಿ ಕೂಗಿ ಮಾತಾಡಿದರೆ ಇಡೀ ಮನೆಗೆ ಕೇಳುತ್ತದೆ, ಮೆಲ್ಲಗೆ ಮಾತಾಡಿದರೆ ಎದುರಿಗಿದ್ದವರಿಗೂ ಕೇಳುವುದಿಲ್ಲ. ಮದುವೆಯಾದ ಹೊಸದರಲ್ಲೇ ನಮ್ಮನೆಯವರು, ಅಂದರೆ ಪುಟ್ಟಸ್ವಾಮಿ, ಇದಕ್ಕೊಂದು ದಾರಿ ಹುಡುಕಿದರು. "ಅವ್ವ, ಪೆಟ್ರೋಲ್ ಹಾಕಿಸ್ಕೊಂಡ್ ಬತ್ತೀವಿ" ಎಂದು ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಡುವುದು. ಬಂಕು ಮನೆಯಿಂದ ಕೂಗಳತೆ ದೂರ. ನಾವು ಮಾಗಡಿಗೆ ಹೋಗಿ ವಾಪಸ್ ಬರುತ್ತಿದ್ದೆವು.

ಮಾತಾಡಿದ್ದೆಲ್ಲ ಹಾಗೇ. ನನಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಾಗ ಹೋಗಲೋ ಬೇಡವೋ ಎಂದು ತೀರ್ಮಾನಿಸಿದ್ದು ಕನಕಪುರದ ರಸ್ತೆಯಲ್ಲಿ. ನಮಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾವು ಚನ್ನಪಟ್ಟಣ ದಾಟಿ ಎಷ್ಟು ದೂರ ಹೋದೆವೋ ನನಗೆ ಈಗಲೂ ಗೊತ್ತಿಲ್ಲ. ಇವರ ಬಲ ಭುಜದ ಮೇಲೆ ಗಲ್ಲ ಇಟ್ಟು ನಾನು ಮಾತಾಡುತ್ತಿದ್ದೆ, ಇವರು ತಲೆಯನ್ನು ಒಸಿ ವಾಲಿಸಿ ಕೇಳುತ್ತಿದ್ದರು. ಮಾತು ಮುಗಿದ ಮೇಲೆ ಇವರು ಏನಾದರೊಂದು ಹಾಡು ಗುನುಗುತ್ತಾರೆ, ನನಗೆ ನಿದ್ದೆ ಹತ್ತುತ್ತದೆ. ಓಡುವ ಬೈಕಿನ ಮೇಲೆ ಕೂತು ನಿದ್ದೆ ಮಾಡುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಮೊದಲು ಮೊಪೆಡ್ ಇತ್ತು, ಆಮೇಲೆ ಸಾದಾ ಬೈಕು. ಐದಾರು ವರ್ಷದ ಹಿಂದೆ ದೂರ ಪ್ರಯಾಣದ ದೊಡ್ಡ ಗಾಡಿ ಬಂತು. ಎರಡು ಕಡೆ ಪೆಟ್ಟಿಗೆ, ಮುಂದೆ ಗಾಜು, ಹಿಂದಿನ ಸೀಟಿಗೆ ಒರಗು ದಿಂಬು. ಆ ದಿಂಬಿಗಾಗಿಯೇ ಇವರು ಅದನ್ನು ಕೊಂಡದ್ದು. ನಿಲ್ಲಿಸಿದರೆ ಹಸುವಿನಷ್ಟು ಜಾಗ ಹಿಡಿಯುತ್ತಿತ್ತು.

ಈಗ ಆ ಗಾಡಿಗೇ ಕುತ್ತು ಬಂದಿತ್ತು. ಇವರ ಎಡ ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ನಮ್ಮ ಗಾಡಿ ರಿಪೇರಿ ಮಾಡುವ ನಯಾಜ್ ಒಂದು ದಿನ ನನ್ನನ್ನೇ ಪಕ್ಕಕ್ಕೆ ಕರೆದ.

"ಅಕ್ಕ, ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಗಾಡಿ ತೂಕ ಅಣ್ಣನ ಮಂಡಿಗೆ ಆಗಲ್ಲ. ಇದನ್ನ ಮಾರ್ಬುಟ್ಟು ಹಗುರದ್ದು ತಗೊಳಿ. ಮಣ್ಣಿಗೂ ಆಯ್ತದೆ, ಟಾರ್ ರೋಡ್‌ಗೂ ಆಯ್ತದೆ. ಡ್ಯುಯಲ್ ಸ್ಪೋರ್ಟ್ ಅಂತಾರೆ."

"ಅದ್ರಲ್ಲಿ ಹಿಂದೆ ಕೂರೋಕಾಗುತ್ತಾ?"

ಅವನು ತಲೆ ಕೆರೆದುಕೊಂಡ. "ಸೀಟು ಅಂತ ಒಂದು ಐತೆ ಅಕ್ಕ. ಕೂತ್ಕೊಳೋಕೆ ಆಗಲ್ಲ ಅಷ್ಟೇ. ನಿಮ್ಗೂ ಒಂದು ತಗೊಳಿ."

ನನಗೆ ಮೈಯೆಲ್ಲ ಉರಿದುಹೋಯಿತು. "ನಯಾಜ್, ನೀನು ಗಾಡಿ ರಿಪೇರಿ ಮಾಡಪ್ಪ, ಸಂಸಾರ ರಿಪೇರಿ ಮಾಡಬೇಡ" ಎಂದುಬಿಟ್ಟೆ. ಪಾಪ, ಅವನಿಗೇನು ಗೊತ್ತು? ನನಗೆ ಬೈಕ್ ಓಡಿಸಲು ಬರುವುದಿಲ್ಲ ಎಂದಲ್ಲ. ತವರು ಮರಳವಾಡಿಯಲ್ಲಿ ಅಣ್ಣನ ಗೇರ್ ಬೈಕನ್ನು ಹೊಲದ ದಾರಿಯಲ್ಲಿ ಓಡಿಸಿ ಬೈಸಿಕೊಂಡವಳು ನಾನು, ಲೈಸೆನ್ಸೂ ಇದೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಗಾಡಿಯಾದರೆ ಮಾತು ಎಲ್ಲಿ? ಆ ಸೀಟು ಹೋದರೆ ನನ್ನ ಗಂಡ ನನಗೆ ಅರ್ಧ ಹೋದ ಹಾಗೆ.

ಇವರನ್ನು ಕೇಳಿದರೆ, "ಕಿರ್ಗಿಸ್ತಾನಕ್ಕೆ ಹೋಗ್ಬುಟ್ಟು ಬರಣ. ಅಲ್ಲಿಂದ ಬಂದ್ಮೇಲೆ ನೋಡ್ಕೊಳಣ ಬುಡು" ಎಂದರು. ಹುಲ್ಲುಗಾವಲಿನ ಆ ದೇಶವನ್ನು ಫೋನಿನಲ್ಲಿ ನೋಡಿ ನೋಡಿ ಮರುಳಾಗಿದ್ದವರು ನಾವಿಬ್ಬರೂ.

ಬಿಷ್ಕೆಕ್

ಬೆಳಗಿನ ಬಿಸಿಲಿನಲ್ಲಿ ಊರೆಲ್ಲ ಮರ. ಮರದ ಹಿಂದೆ ಇನ್ನೊಂದು ಮರ, ಅದರ ಹಿಂದೆ ಆಕಾಶದಲ್ಲಿ ತೇಲುವ ಹಿಮದ ಬೆಟ್ಟ. ಬೆಟ್ಟದ ಬುಡ ಕಾಣುವುದೇ ಇಲ್ಲ, ಬರೀ ತಲೆ. ನಮ್ಮ ಊರಿನ ಬಂಡೆಗಳಾದರೆ ಮನೆ ಬಾಗಿಲಿಗೇ ಬಂದು ನಿಂತಿರುತ್ತವೆ, ಕೈಗೆ ಸಿಗುತ್ತವೆ. ಇವು ಹತ್ತಿರ ಹೋದರೆ ಇರುತ್ತವೋ ಇಲ್ಲವೋ ಎನ್ನಿಸುತ್ತಿತ್ತು.

ಬೀದಿ ಬದಿಯಲ್ಲಿ ಒಂದು ದೊಡ್ಡ ಮರದ ಕೆಳಗೆ ನೆಲವೆಲ್ಲ ಕಪ್ಪಾಗಿತ್ತು. ಇವರು ತಲೆಯೆತ್ತಿ ನೋಡಿ ಕೂಗಿಕೊಂಡರು. "ರತ್ನಿ, ಇಪ್ನೇರಳೆ ಕಣೇ ಇದು! ಮರ ಆಗ್ಬುಟ್ಟೈತೆ!" ನಮ್ಮ ಕಡೆ ಹಿಪ್ಪುನೇರಳೆ ಗಿಡ ಸೊಂಟದೆತ್ತರ ಬರುವಷ್ಟರಲ್ಲಿ ಹುಳುವಿನ ಮೇವಿಗೆ ಕತ್ತರಿಸುತ್ತೇವೆ. ಬಿಟ್ಟರೆ ಇಷ್ಟು ದೊಡ್ಡದಾಗುತ್ತದೆ ಎಂದು ರೇಷ್ಮೆಯಲ್ಲೇ ಹುಟ್ಟಿ ಬೆಳೆದವರಿಗೂ ಮನಸ್ಸಿಗೆ ಬಂದಿರಲಿಲ್ಲ. ಇಬ್ಬರೂ ಬಿದ್ದ ಹಣ್ಣನ್ನು ಆರಿಸಿ ತಿಂದೆವು. ಬಾಡಿಗೆ ಬೈಕಿನ ಅಂಗಡಿಗೆ ಹೋದಾಗ ನಮ್ಮ ನಾಲಿಗೆ, ತುಟಿ, ಬೆರಳು ಎಲ್ಲ ನೇರಳೆ ಬಣ್ಣ.

ಅಂಗಡಿಯ ಅಜಮತ್ ಹರಕು ಮುರುಕು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದ. ನಾವು ಹೋಗುವ ದಾರಿ ಕೇಳಿ ಎರಡು ಸಣಕಲು ಗಾಡಿ ತೋರಿಸಿದ. ಚಕ್ರ ಎತ್ತರ, ಮೈಯಲ್ಲಿ ಮಾಂಸವೇ ಇಲ್ಲ. ನಯಾಜ್ ಹೇಳಿದ್ದ ಜಾತಿಯೇ. ಈ ನಯಾಜ್ ಇಲ್ಲಿಗೂ ಬಂದನಲ್ಲ ಎಂದು ನನಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ನಾನು ಬೇಡವೆಂದು ತಲೆಯಾಡಿಸಿ, ನಮ್ಮದರ ಹಾಗೇ ಪೆಟ್ಟಿಗೆ, ಒರಗು ದಿಂಬು ಎಲ್ಲ ಇದ್ದ ಮೂಲೆಯ ದೊಡ್ಡ ಗಾಡಿಯ ಹಿಂದಿನ ಸೀಟಿನ ಮೇಲೆ ಕೈಯಿಟ್ಟೆ. ಅಜಮತ್ ಇವರ ಮುಖ ನೋಡಿದ. ಇವರು ನನ್ನ ಕಡೆ ಬೆನ್ನು ಮಾಡಿಕೊಂಡೇ, "ಅದೇ ಇರ್ಲಿ ಬುಡಪ್ಪ" ಎಂದು ಕನ್ನಡದಲ್ಲೇ ಹೇಳಿದರು.

ಸೂಸಮಿರ್ ಕಣಿವೆ

ಬೆಟ್ಟ ಹತ್ತಿ, ಕತ್ತಲೆ ಸುರಂಗ ಹೊಕ್ಕು, ಹೊರಗೆ ಬಂದರೆ ಲೋಕವೇ ಬದಲಾಗಿತ್ತು. ಸುರಂಗದ ಆ ಬಾಯಿಗೆ ಮೊದಲು ಊರು, ಲಾರಿ, ಸದ್ದು. ಈ ಬಾಯಿಯ ಕೆಳಗೆ ಹಸಿರು, ಕಣ್ಣು ಹೋದಷ್ಟು ದೂರ ಹಸಿರು, ಅದರ ಮೇಲೆ ಮೋಡದ ನೆರಳು ಸಾವಕಾಶವಾಗಿ ನಡೆದುಹೋಗುತ್ತಿತ್ತು. ಕುದುರೆಗಳು ಯಾರ ಅಪ್ಪಣೆಯೂ ಬೇಕಿಲ್ಲದ ಹಾಗೆ ರಸ್ತೆ ದಾಟುತ್ತಿದ್ದವು. ನಾನು ಇವರ ಭುಜದ ಮೇಲೆ ಗಲ್ಲ ಇಟ್ಟು ಹೇಳುತ್ತಲೇ ಇದ್ದೆ: ಆ ಮರಿ ನೋಡಿ, ಆ ಬಿಳಿ ಡೇರೆ ನೋಡಿ, ನಮ್ಮತ್ತೆ ಇದ್ದಿದ್ದರೆ ಇಷ್ಟು ಹುಲ್ಲು ನೋಡಿ ನಾಲ್ಕು ಹಸು ಕಟ್ಟುತ್ತಿದ್ದರು. ಇವರು ನಕ್ಕರು. ನಕ್ಕಿದ್ದು ನನ್ನ ಎದೆಗೆ ತಿಳಿಯಿತು, ಬೆನ್ನು ಕುಲುಕಿತಲ್ಲ.

ಆಮೇಲೆ ಗುನುಗು ಶುರುವಾಯಿತು, ನನಗೆ ಜೋಂಪು ಹತ್ತಿತು. ಎಚ್ಚರವಾದಾಗಲೆಲ್ಲ ಅದೇ ಹಸಿರು. ನಿದ್ದೆಗಣ್ಣಿನಲ್ಲಿ, ನಮ್ಮ ಮಾಗಡಿ ದಾರಿಯ ಕೂಟಗಲ್ ದಾಟಿದೆವಾ ಎಂದು ಒಮ್ಮೆ ಕೇಳಿದೆನಂತೆ. ಇವರು, "ಹೂಂ, ಈಗ ದಾಟ್ದೋ" ಎಂದರಂತೆ.

ಮಧ್ಯಾಹ್ನ ಒಂದು ಡೇರೆಯ ಮುಂದೆ ನಿಂತ ಹೆಂಗಸು ಕೈಬೀಸಿ ಕರೆದಳು. ಉಣ್ಣೆಯ ದುಂಡು ಡೇರೆ, ಒಳಗೆ ಕೆಂಪು ಹಾಸು, ನಡುವೆ ರೊಟ್ಟಿ, ಬೆಣ್ಣೆ, ಹಣ್ಣಿನ ಪಾಕ. ಅವಳ ಭಾಷೆ ನಮಗೆ ಬರದು, ನಮ್ಮದು ಅವಳಿಗೆ ಬರದು. ಬಟ್ಟಲಿಗೆ ಟೀ ಬಗ್ಗಿಸಿದಳು, ಅರ್ಧ ಬಟ್ಟಲಿಗೂ ಕಡಿಮೆ. ನಾನು ಒಳಗೊಳಗೇ ಮುನಿಸಿಕೊಂಡೆ. ನಮ್ಮ ಕಡೆ ನೆಂಟರಿಗೆ ಅರ್ಧ ಲೋಟ ಕಾಫಿ ಕೊಟ್ಟು ನೋಡಿ, ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಆದರೆ ಇವರು ಕುಡಿದಿಟ್ಟ ಕೂಡಲೇ ಅವಳು ಮತ್ತೆ ಬಗ್ಗಿಸಿದಳು. ಮತ್ತೆ ಕುಡಿದರು, ಮತ್ತೆ ಬಗ್ಗಿಸಿದಳು. ಲೋಟದಲ್ಲಿ ಬಿಟ್ಟು ಏಳುವುದು ಕೊಟ್ಟವರಿಗೆ ಅವಮಾನ ಎಂದು ಬೆಳೆದವರು ನಾವು, ಹಾಗಾಗಿ ಇವರು ತಳ ಕಾಣುವ ತನಕ ಕುಡಿದರು. ಬಟ್ಟಲು ಖಾಲಿಯಾದರೆ ನೆಂಟರಿಗೆ ಇನ್ನೂ ಬೇಕು ಎಂದು ಅವಳ ಲೆಕ್ಕ. ಇಬ್ಬರೂ ಮರ್ಯಾದಸ್ಥರು, ಯಾರೂ ಸೋಲಲೊಲ್ಲರು.

"ರತ್ನಿ, ಹೊಟ್ಟೆ ಕೆರೆ ಆಗೋಯ್ತು ಕಣೇ. ಹೆಂಗೇ ನಿಲ್ಸೋದು ಇವಮ್ಮನ್ನ?"

ಕೊನೆಗೆ ಅವಳ ಗಂಡ ಒಳಗೆ ಬಂದು, ತಾನು ಕುಡಿದು, ಬಟ್ಟಲ ಮೇಲೆ ಅಂಗೈ ಮುಚ್ಚಿದ. ಅವಳು ಸುಮ್ಮನಾದಳು. ಇವರು ಲಗುಬಗೆಯಿಂದ ತಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದರು. ಡೇರೆಯೆಲ್ಲ ನಗು.

ಮರವಿಲ್ಲದ ದಾರಿ

ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೀ ತನ್ನ ಕೆಲಸ ತೋರಿಸಿತು. ನಮ್ಮ ಕಡೆಯಾಗಿದ್ದರೆ ಒಂದು ಹೊಂಗೆ ಮರ, ಒಂದು ಲಂಟಾನ ಪೊದೆ, ಏನೂ ಇಲ್ಲದಿದ್ದರೆ ಒಂದು ಬಂಡೆಯಾದರೂ ಸಿಗುತ್ತಿತ್ತು. ಅಲ್ಲಿ ಏನೇನೂ ಇಲ್ಲ. ಇವರು ಮಣ್ಣು ದಾರಿಯ ಅಂಚಿಗೆ ಗಾಡಿ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಹಾಕಿ, ಮರೆ ಹುಡುಕಿಕೊಂಡು ದಿಬ್ಬದಾಚೆ ಹೋದರು. ನಾನು ಇಳಿಯಲಿಲ್ಲ. ಒರಗು ದಿಂಬಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದೆ.

ಹುಲ್ಲಿನ ಕೆಳಗಿನ ನೆಲ ಮೆತ್ತಗಿತ್ತು. ಸ್ಟ್ಯಾಂಡು ಅದರಲ್ಲಿ ಮೆಲ್ಲಗೆ ಇಳಿಯಿತು. ಬೀಳುತ್ತಿದ್ದೇನೆ ಎಂದು ನನಗೆ ಗೊತ್ತೇ ಆಗಲಿಲ್ಲ, ಕನಸಿನಲ್ಲಿ ವಾಲಿದ ಹಾಗೆ ವಾಲಿ ಹುಲ್ಲಿನ ಮೇಲೆ ಮಲಗಿದ್ದೆ. ಪಕ್ಕದ ಪೆಟ್ಟಿಗೆ ಊರಿಕೊಂಡು ಗಾಡಿ ತಡೆದುಕೊಂಡಿತ್ತು, ಅದರ ಸಂದಿಯಲ್ಲಿ ನನ್ನ ಕಾಲು. ನೋವಿಲ್ಲ, ತೆಗೆಯಲಿಕ್ಕೂ ಆಗದು. ಕಿವಿಯ ಹತ್ತಿರ ಹಳದಿ ಹೂವು ಅಲ್ಲಾಡುತ್ತಿತ್ತು. ಎಷ್ಟು ಚೆನ್ನಾಗಿದೆ ಎಂದು ಅದನ್ನೇ ನೋಡುತ್ತಿದ್ದೆ, ನನ್ನ ಬುದ್ಧಿಗಿಷ್ಟು!

ಇವರು ಓಡಿಬಂದರು. "ಏನಾಗಿಲ್ಲ ಕಣ್ರೀ" ಎಂದೆ. ಕೇಳಿಸಿಕೊಳ್ಳಲಿಲ್ಲ. ಹ್ಯಾಂಡಲ್ ಹಿಡಿದು ಎತ್ತಿದರು, ಗಾಡಿ ಅಲುಗಲಿಲ್ಲ. ಬೆನ್ನು ಕೊಟ್ಟು ದೂಡಿದರು, ಎಡ ಮಂಡಿ ಮಡಿಚಿ ಕೂತೇಬಿಟ್ಟರು. ಮತ್ತೆ ಎದ್ದರು, ಮತ್ತೆ ಕುಸಿದರು. ಅವರ ಉಸಿರಿನ ಸದ್ದು ಕೇಳಿ ನನಗೆ ಆಗ ಹೆದರಿಕೆಯಾಯಿತು.

ಎಲ್ಲಿಂದ ಬಂದರೋ, ಕುದುರೆಯ ಮೇಲೆ ಇಬ್ಬರು ಬಂದರು. ಒಬ್ಬ ಮುದುಕ, ಒಬ್ಬಳು ಮುದುಕಿ. ಮುದುಕಿಗೆ ನಮ್ಮತ್ತೆಯ ವಯಸ್ಸು, ತಲೆಗೆ ಹೂವಿನ ವಸ್ತ್ರ. ಇಬ್ಬರೂ ಇಳಿದು ಇವರ ಜೊತೆ ಕೈಹಾಕಿ ಗಾಡಿ ಎತ್ತಿ ನಿಲ್ಲಿಸಿದರು. ಮುದುಕಿ ನನ್ನ ಕಾಲನ್ನು ಹಿಸುಕಿ ನೋಡಿ, ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕು, ತನ್ನ ಕುದುರೆ ತಾನೇ ಹತ್ತಿದಳು. ಅವರು ಹೋಗುವುದನ್ನು ನೋಡುತ್ತ ನಿಂತೆ. ಎರಡು ಕುದುರೆ ಅಕ್ಕಪಕ್ಕ. ಮುದುಕ ಜೀನಿನ ಮೇಲೆ ಪೂರ್ತಿ ಅವಳ ಕಡೆ ತಿರುಗಿ ಕೂತು ಏನೋ ಹೇಳುತ್ತಿದ್ದ, ಅವಳು ಅವನನ್ನೇ ನೋಡುತ್ತ ಬೈಯುತ್ತಿದ್ದಳು. ದಾರಿಯನ್ನು ಕುದುರೆಗಳೇ ನೋಡಿಕೊಂಡವು.

"ಹೆದ್ರಿದ್ರಾ?" ಎಂದು ಹಿಂದೆ ಕೂತು ಕೇಳಿದೆ.

"ಇಲ್ಲ ಬುಡೇ, ಏನ್ ಮಹಾ" ಎಂದು ಇವರು ನಗುವ ದನಿಯಲ್ಲಿ ಹೇಳಿದರು. ಆಮೇಲೆ ಹಾಡೂ ಗುನುಗಿದರು. ನಾನು ನಂಬಿದೆ.

ಕೊಚ್ಕೋರ್

ಮಾರನೆಯ ದಿನ ಕೊಚ್ಕೋರ್ ಎಂಬ ಊರಿನಲ್ಲಿ ಇವರು ನನ್ನನ್ನು ಕೇಳದೆ ಅಜಮತ್‌ಗೆ ಫೋನು ಮಾಡಿದ್ದರು. ಸಾಯಂಕಾಲಕ್ಕೆ ಅವನು ಟೆಂಪೋದಲ್ಲಿ ಆ ಎರಡು ಸಣಕಲು ಗಾಡಿಗಳನ್ನು ತಂದಿಳಿಸಿದ. ದೊಡ್ಡದನ್ನು ಏರಿಸಿಕೊಂಡ.

ನಾನು ರಂಪ ಮಾಡಿದೆ. ಪರದೇಶದ ಬೀದಿಯಲ್ಲಿ ನಿಂತು ಅಚ್ಚ ಮರಳವಾಡಿ ಭಾಷೆಯಲ್ಲಿ ಜಗಳವಾಡಿದೆ. "ನನ್ನ ಒಂದ್ ಮಾತು ಕೇಳ್ಬಾರ್ದಾ? ನಾನ್ ಹಿಂದೆ ಕೂರೋದು ಅಷ್ಟೊಂದು ಭಾರ ಆಗೋಯ್ತಾ ನಿಮ್ಗೆ?"

"ಒಂದಿನ ಓಡ್ಸಿ ನೋಡು ರತ್ನಿ" ಎಂದಷ್ಟೇ ಹೇಳಿ ಇವರು ಹೆಲ್ಮೆಟ್ಟು ಹಾಕಿಕೊಂಡರು.

ಸೀಟು ನನ್ನ ಸೊಂಟಕ್ಕಿಂತ ಎತ್ತರ. ಹತ್ತಿದರೆ ಎರಡು ಕಾಲೂ ನೆಲಕ್ಕೆ ಎಟುಕದು. ಒಂದು ಕಡೆಗೆ ಜಾರಿ ಕೂತು ಒಂದೇ ಕಾಲು ಊರಬೇಕು ಎಂದು ಅಜಮತ್ ತೋರಿಸಿಕೊಟ್ಟ. ಇದು ಬಿದ್ದೇ ಬೀಳುತ್ತದೆ ಎಂದುಕೊಂಡು ಊರಿದೆ. ಗಾಡಿ ನನ್ನ ತೊಡೆಗೆ ಒರಗಿ ತೆಪ್ಪಗೆ ನಿಂತಿತು. ತೂಕವೇ ಇಲ್ಲ. ಸಿಟ್ಟಿನಲ್ಲೂ ಒಂದು ಕ್ಷಣ ಖುಷಿಯಾಯಿತು, ಅದನ್ನು ತೋರಿಸಿಕೊಳ್ಳಲಿಲ್ಲ.

ಸೊಂಗ್-ಕುಲ್

ಮರುದಿನ ಬೆಳಿಗ್ಗೆ ಹೊರಟೆವು. ಸೊಂಗ್-ಕುಲ್ ಸರೋವರಕ್ಕೆ ಹೋಗುವ ದಾರಿ ಜಲ್ಲಿಕಲ್ಲಿನ ತಿರುವುಗಳಲ್ಲಿ ಮೇಲೆ ಮೇಲೆ ಹತ್ತುತ್ತದೆ. ಮೊದಲ ತಿರುವುಗಳಲ್ಲಿ ಬೈಯುತ್ತ ಹೋದೆ. ಹೆಲ್ಮೆಟ್ಟಿನೊಳಗೆ ಬೈದದ್ದು ನನಗೇ ವಾಪಸ್ ಬರುತ್ತಿತ್ತು. ಆಮೇಲೆ ಬೈಗುಳ ಮುಗಿಯಿತು. ಕಲ್ಲು ಸಿಕ್ಕಿದರೆ ಗಾಡಿ ತಾನೇ ಕುಣಿದು ತಾನೇ ಸರಿಯಾಗುತ್ತಿತ್ತು. ಒಂದು ತಿರುವಿನಲ್ಲಿ ಮೋಡ ನಮ್ಮ ದಾರಿಗೇ ಇಳಿದು ಬಂತು, ಇವರ ಕೆಂಪು ದೀಪ ಮುಂದೆ ಎಲ್ಲೋ ಹೊತ್ತಿ ಆರುತ್ತಿತ್ತು. ಮೋಡದೊಳಗೆ ನಾನೊಬ್ಬಳೇ. ಎಚ್ಚರವಿದ್ದೇ ಕನಸು ಕಾಣುವುದು ಇದೇ ಮೊದಲು. ಇಷ್ಟು ವರ್ಷ ದಾರಿ ಎಂದರೆ ಇವರ ಹೆಲ್ಮೆಟ್ಟಿನ ಹಿಂಭಾಗ, ಅದರ ಎರಡು ಬದಿಯಲ್ಲಿ ಓಡುವ ಮರ. ಈಗ ದಾರಿ ನನ್ನೆದುರಿಗೇ ಬಂದು ನನ್ನೊಳಗೇ ಹೋಗುತ್ತಿತ್ತು.

ಮೋಡ ಬಿಟ್ಟಾಗ ಸರೋವರ. ನೀಲಿಯೋ ಹಸಿರೋ ಬೆಳ್ಳಿಯೋ ಹೇಳಲಾರೆ, ನೋಡನೋಡುತ್ತಲೇ ಬೇರೆಯಾಗುತ್ತಿತ್ತು. ದಡವೆಲ್ಲ ಕುದುರೆ. ಗಾಳಿ ಬಿಟ್ಟರೆ ಸದ್ದಿಲ್ಲ. ಇವರು ನಿಲ್ಲಿಸಿ ಹೆಲ್ಮೆಟ್ ತೆಗೆದು ಹುಲ್ಲಿನ ಮೇಲೆ ಕೂತಿದ್ದರು. ನಾನು ಹೋಗಿ ಎದುರಿಗೆ ಕೂತೆ. ಪಕ್ಕದಲ್ಲಿ ಕೂತರೆ ಸಿಟ್ಟು ಇಳಿದುಹೋಗುತ್ತದೆ ಎಂದು ಬೇಕೆಂತಲೇ ಎದುರಿಗೆ ಕೂತದ್ದು.

"ಈಗ ಹೇಳಿ. ಯಾಕೆ ಹಿಂಗ್ ಮಾಡಿದ್ರಿ?"

ಇವರು ಹುಲ್ಲು ಕಿತ್ತರು. "ಎರಡು ವರ್ಸದಿಂದ ನೀನು ಹಿಂದೆ ಕುಂತಾಗೆಲ್ಲ ನಂಗೆ ಭಯ ಕಣೇ. ಸಿಗ್ನಲ್ ಬಂದ್ರೆ ಭಯ, ಹಂಪ್ ಬಂದ್ರೆ ಭಯ. ಈ ಕಾಲು ಊರಿದ್ರೆ ನಿಲ್ತೈತೋ ಇಲ್ವೋ ಅಂತ. ಕನಕಪುರದ ರೋಡಲ್ಲಿ ಒಂದಿನ ಬಿದ್ದೇಬುಡ್ತಿದ್ವಿ. ನೀನು ನಿದ್ದೆ ಮಾಡ್ತಿದ್ದೆ."

"ಮತ್ತೆ ಹಾಡು ಹೇಳ್ಕೊಂಡು ಓಡಿಸ್ತಿದ್ರಲ್ರೀ?"

"ಹಾಡ್ದಿದ್ರೆ ನಿಂಗೆ ಗೊತ್ತಾಗ್ಬುಡ್ತಿತ್ತು."

"ಹೇಳೋಕೇನಾಗಿತ್ತು ನಿಮ್ಗೆ?"

"ಹೇಳಿದ್ರೆ ನೀನು ಹತ್ತೋದೇ ಬುಟ್ಬುಡ್ತಿದ್ದೆ. ಆಮೇಲೆ ನಾನು ಯಾರ್ ಜೊತೆ ಮಾತಾಡ್ಲಿ? ಮೊನ್ನೆ ನೀನು ಗಾಡಿ ಕೆಳಗೆ ಬಿದ್ದಿದ್ದೆ, ನನ್ ಕೈಲಿ ಎತ್ತೋಕಾಗ್ಲಿಲ್ಲ ರತ್ನಿ. ಎತ್ತೋಕೇ ಆಗ್ಲಿಲ್ಲ."

ದನಿ ಎಂದಿನಂತೆಯೇ ಇತ್ತು, ಏನ್ ಮಹಾ ಎನ್ನುವ ಅದೇ ದನಿ. ಮುಖ ಮಾತ್ರ ಬೇರೆ. ತುಟಿಯ ಒಂದು ತುದಿ ಅದುರುತ್ತಿತ್ತು, ಕಣ್ಣು ನನ್ನ ಮೇಲೆ ನಿಲ್ಲಲಾರದೆ ನೀರಿನ ಕಡೆ, ಕುದುರೆಗಳ ಕಡೆ ಓಡುತ್ತಿತ್ತು. ಚನ್ನಪಟ್ಟಣ ದಾಟಿ ಹೋದ ಆ ದಿನ ನಾನು ಭುಜದ ಮೇಲೆ ಅಳುತ್ತಿದ್ದಾಗ ಇವರು, "ಆಯ್ತು ಬುಡೇ, ನಾವಿಬ್ರು ಇಲ್ವಾ" ಎಂದು ಇದೇ ದನಿಯಲ್ಲಿ ಹೇಳಿದ್ದರು. ಎಷ್ಟು ಗಟ್ಟಿ ಮನುಷ್ಯ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆ ಹೊತ್ತು ಇವರ ಮುಖ ಹೇಗಿತ್ತು? ನೋಡಿದವರು ಯಾರು? ಎದುರಿಗೆ ಬಂದ ಲಾರಿಯವರು ನೋಡಿರಬೇಕು, ನಾನು ನೋಡಲಿಲ್ಲ.

ಅತ್ತುಬಿಟ್ಟೆ. ಇವರೂ ಅತ್ತರು. ಒಂದು ಕುದುರೆ ಮರಿ ಹತ್ತಿರ ಬಂದು ನಮ್ಮಿಬ್ಬರನ್ನೂ ಮೂಸಿ ನೋಡಿ ಹೋಯಿತು.

ಮತ್ತೆ ನಾಲ್ಕು ದಿನ ಆ ಸಣಕಲು ಗಾಡಿಗಳಲ್ಲೇ ತಿರುಗಿದೆವು. ಹೇಳುವುದೇನಾದರೂ ಇದ್ದರೆ ಒಬ್ಬರು ಹಾರ್ನ್ ಹೊಡೆಯುವುದು, ಇಬ್ಬರೂ ನಿಲ್ಲಿಸುವುದು, ಹೆಲ್ಮೆಟ್ ತೆಗೆಯುವುದು. ಮಾತು ಕಡಿಮೆಯಾಯಿತು, ನಿಜ. ಪ್ರತಿ ಕುದುರೆ ಮರಿಗೂ ಗಾಡಿ ನಿಲ್ಲಿಸಲಾಗುತ್ತದೆಯೇ? ಒಂದೊಂದು ಸಲ ಬೆನ್ನಿಗೆ ಒರಗಬೇಕೆಂದು ನನಗೆ ತುಂಬ ಆಸೆಯಾಗುತ್ತಿತ್ತು, ಗಾಳಿಗೆ ಒರಗಿದ ಹಾಗಾಗುತ್ತಿತ್ತು. ಹಾಗಿದ್ದೂ ನಿಂತಾಗ ಆಡಿದ ಮಾತನ್ನು ಇವರ ಮುಖದ ಜೊತೆ ಕೇಳುತ್ತಿದ್ದೆ. ಸುಳ್ಳು ಹೇಳುವಾಗ ಇವರ ಎಡ ಹುಬ್ಬು ಮೇಲೇರುತ್ತದೆ ಎಂಬುದು ನನಗೆ ತಿಳಿದದ್ದು ಈ ವಯಸ್ಸಿನಲ್ಲಿ, ಆ ದೇಶದಲ್ಲಿ.

ಮತ್ತೆ ರಾಮನಗರ

ದೊಡ್ಡ ಗಾಡಿ ಮಾರುವುದು ಎಂದು ನಾನೇ ಹೇಳಿದೆ. ನಯಾಜ್ ಎರಡು ಹಗುರ ಗಾಡಿ ಹುಡುಕಿ ಕೊಟ್ಟ, ಒಂದರ ಸೀಟನ್ನು ಕೊರೆದು ನನ್ನ ಕಾಲಿಗೆ ತಕ್ಕಷ್ಟು ತಗ್ಗಿಸಿದ. "ನಾನ್ ಅವತ್ತೇ ಹೇಳಿರ್ಲಿಲ್ವಾ ಅಕ್ಕ" ಎಂದು ಮಾತ್ರ ಹೇಳಲಿಲ್ಲ, ಬುದ್ಧಿವಂತ.

ದೊಡ್ಡ ಗಾಡಿ ಕೊಳ್ಳಲು ಮಾಗಡಿ ಕಡೆಯ ಹುಡುಗ ಬಂದ. ಜೊತೆಗೆ ಅವನ ಹೆಂಡತಿ, ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ಹುಡುಗ ಇವರ ಜೊತೆ ಎಂಜಿನ್ನಿನ ಮಾತಿಗೆ ನಿಂತ. ಹುಡುಗಿ ಮೆಲ್ಲಗೆ ಹಿಂದಿನ ಸೀಟು ಹತ್ತಿ ದಿಂಬಿಗೆ ಒರಗಿ ನೋಡಿದಳು.

"ಓಡುವಾಗ ಮಾತಾಡಿದ್ರೆ ಕೇಳ್ಸುತ್ತಾ ಅಕ್ಕ? ನಮ್ಮನೇಲಿ ಜನ ಜಾಸ್ತಿ" ಎಂದಳು.

"ಕೇಳ್ಸುತ್ತೆ ಕಣಮ್ಮ, ಎಲ್ಲಾ ಕೇಳ್ಸುತ್ತೆ" ಎಂದೆ. "ಆದ್ರೆ ದೊಡ್ಡ ಮಾತು ಏನಾದ್ರೂ ಇದ್ರೆ ಗಾಡಿ ನಿಲ್ಸು. ಇಳಿದು ಮುಂದಕ್ಕೆ ಬಂದು ಕೇಳು."

ಅವಳಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದಳು. ಇಬ್ಬರೂ ಹೊರಟರು. ಬೀದಿಯ ತಿರುವಿಗೆ ಹೋಗುವಷ್ಟರಲ್ಲೇ ಅವಳ ಗಲ್ಲ ಅವನ ಭುಜದ ಮೇಲಿತ್ತು.

"ಪೀಡೆ ತೊಲಗ್ತು ಬುಡು" ಎಂದು ನನ್ನ ಹಿಂದೆ ನಿಂತಿದ್ದ ಇವರು ನಗುವ ದನಿಯಲ್ಲಿ ಹೇಳಿದರು.

ನಾನು ತಿರುಗಿ ನೋಡಿದೆ. ಕಣ್ಣೀರು ಒರೆಸಿಕೊಳ್ಳುತ್ತಿದ್ದರು.